ಬೀಸೋ ಕಲ್ಲು ನಿಂತ್ಮೇಲೆ ಹಾಡು ಎಲ್ಲಿ ಹೋಯ್ತು

ಹಳ್ಳಿಗಳ ಬಗ್ಗೆ ಬರೆಯೋ ಪತ್ರಕರ್ತ ಪಿ. ಸಾಯಿನಾಥ್ ಅವ್ರ ವರದಿ ಓದೋವಾಗೆಲ್ಲ ನಂಗೆ ಅನ್ಸೋದು, ಬರ ಅಂದ್ರೆ ಇವ್ರು ಮಳೆ ಎಷ್ಟು ಬಿತ್ತು ಅಂತ ಹೇಳಿ ಮುಗಿಸಲ್ಲ, ಆ ಮನೆಯವ್ರು ಸಾಲ ಎಲ್ಲಿ ತಂದ್ರು, ಗುಳೆ ಎಲ್ಲಿಗೆ ಹೋದ್ರು ಅಂತ ಕೂತು ಕೇಳ್ತಾರೆ. 1993ರಲ್ಲಿ ದೇಶದ ತೀರಾ ಬಡ ಜಿಲ್ಲೆಗಳನ್ನ ಸುತ್ತೋಕೆ ಹೊರಟವ್ರು, 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2014ರಲ್ಲಿ ‘ಪರಿ’ ಅಂತ ಗ್ರಾಮೀಣ ಭಾರತದ ಜನರ ಆರ್ಕೈವ್, ಅಂದ್ರೆ ಹಳ್ಳಿ ಜನರ ಬದುಕಿನ ದಾಖಲೆ ಕೂಡಿಡೋ ವೆಬ್‌ಸೈಟ್, ಶುರು ಮಾಡಿದ್ರು. ಕನ್ನಡದಲ್ಲೂ ಇದೆ, ದಯವಿಟ್ಟು ಓದಿ.

ಅದ್ರಲ್ಲಿ ನನ್ನ ಮನಸ್ಸಲ್ಲಿ ಕೂತುಬಿಟ್ಟಿರೋದು ಮಹಾರಾಷ್ಟ್ರದ ಹಳ್ಳಿ ಹೆಂಗಸ್ರ ಬೀಸೋ ಕಲ್ಲಿನ ಹಾಡುಗಳು. ಒಂದು ಲಕ್ಷಕ್ಕೂ ಜಾಸ್ತಿ ಹಾಡು, ಬೇರೆ ಸಂಶೋಧಕರು ವರ್ಷಗಟ್ಟಲೆ ಸಂಗ್ರಹಿಸಿದ್ದು, ಈಗ ಪರಿಯಲ್ಲಿ ಹಾಡಿದವ್ರ ಹೆಸ್ರು, ಊರು ಸಮೇತ ಸಿಗುತ್ತೆ. ಹಿಟ್ಟಿನ ಗಿರಣಿ ಬಂತು, ರಟ್ಟೆ ನೋವು ತಪ್ತು, ಅದು ಒಳ್ಳೇದೇ, ಯಾರೂ ಆ ಕಷ್ಟ ವಾಪಸ್ ಬರ್ಲಿ ಅನ್ನಲ್ಲ. ಆದ್ರೆ ನಸುಕಲ್ಲಿ ಗಂಡನ ಹೊಡೆತ, ತವರಿನ ನೆನಪು, ಜಾತಿ ಅವಮಾನ ಎಲ್ಲಾ ಬಾಯಿಬಿಟ್ಟು ಹೇಳ್ಕೊಳ್ಳೋಕೆ ಇದ್ದ ಆ ಹೊತ್ತೂ ಕಲ್ಲಿನ ಜೊತೆಗೇ ಹೋಯ್ತಲ್ಲ, ಅದನ್ನ ಯಾವ ಜಿಡಿಪಿ ಲೆಕ್ಕದಲ್ಲಿ ಹುಡುಕೋದು? ಪತ್ರಕರ್ತರು ಹೋಗಿ ಕೇಳ್ಬೇಕಾಗಿರೋದು ಇಂಥದ್ದನ್ನೇ, ಅದೂ ಆ ಅಜ್ಜಿಯಂದ್ರು ಇನ್ನೂ ಇರೋವಾಗ್ಲೇ.