ಅಮ್ಮಿಯ ಝಕಾತ್ ಪುಸ್ತಕ

ನಮ್ಮ ಮನೆಯಲ್ಲಿ ಝಕಾತ್, ಅಂದರೆ ಉಳ್ಳವರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನದ ಲೆಕ್ಕ ಹಾಕುವುದು ರಮಝಾನಿನ ಮೊದಲ ಭಾನುವಾರ. ಮಧ್ಯಾಹ್ನದ ಝುಹರ್ ನಮಾಝ್ ಆದ ಮೇಲೆ ಅಮ್ಮಿ, ಅಂದರೆ ನನ್ನ ಅತ್ತೆ, ಹಾಲ್‌ನಲ್ಲಿ ಚಾಪೆ ಹಾಸಿ ಕೂರುತ್ತಾರೆ. ಮುಂದೆ ಉದ್ದನೆಯ ನೋಟ್‌ಬುಕ್ಕು, ನನ್ನ ಗಂಡನ ಅಂಗಡಿಯ ಬಿಲ್ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ಕು. ಉಪವಾಸ, ಟೀ ಕಾಫಿಯ ಗಲಾಟೆ ಇಲ್ಲ, ಬೇಗ ಮುಗಿಯುತ್ತದೆ ಎಂದು ಇವರು ಪ್ರತಿ ಸಲ ಹೇಳುತ್ತಾರೆ. ಮುಗಿಯುವುದು ಸಂಜೆಯ ಅಸರ್ ಬಾಂಗ್ ಹೊತ್ತಿಗೇ.

ಕಳೆದ ವರ್ಷ ಆ ಚಾಪೆಯ ಮೇಲೆ ನಾನು ಕೂತಿದ್ದು ಅರ್ಧ ಮನಸ್ಸಿನಿಂದ. ರಮಝಾನ್‌ಗೆ ಮುಂಚಿನ ವಾರವಷ್ಟೇ ಮಂಗಳೂರಿನಲ್ಲಿ ನೆಂಟರ ಮನೆ ಒಕ್ಕಲು. ಗಲ್ಫ್‌ನ ದುಡಿಮೆ. ಮೂರು ಅಂತಸ್ತು, ಮನೆಯೊಳಗೇ ಲಿಫ್ಟು! ಮಕ್ಕಳು ಊಟ ಬಿಟ್ಟು ಅದರಲ್ಲೇ ಹತ್ತಿ ಇಳಿದವು. ಶಿವಮೊಗ್ಗಕ್ಕೆ ವಾಪಸ್ ಬಂದು ನಮ್ಮ ಎರಡು ಕೋಣೆಯ ಹೆಂಚಿನ ಮನೆಯ ಬೀಗ ತೆಗೆದಾಗ, ಬಾಗಿಲು ಇಷ್ಟು ಗಿಡ್ಡ ಇತ್ತಾ ಅನ್ನಿಸಿತು. ಅವತ್ತಿನಿಂದ ನನ್ನ ಮೊಬೈಲ್ ತುಂಬ ಫ್ಲ್ಯಾಟ್‌ಗಳ ಫೋಟೋ.

ಅಮ್ಮಿಯ ಪುಸ್ತಕದಲ್ಲಿ ಎದುರುಬದುರು ಎರಡು ಪುಟ. ಎಡಕ್ಕೆ ಲೆಕ್ಕಕ್ಕೆ ಬರುವುದು, ಬಲಕ್ಕೆ ಬಾರದ್ದು. ಎಡಪುಟ ನೇರ. ಬ್ಯಾಂಕಿನಲ್ಲಿ ಇರುವ ಹಣ, ಚಿನ್ನ, ಬೆಳ್ಳಿ, ಅಂಗಡಿಯಲ್ಲಿ ಮಾರಾಟಕ್ಕಿರುವ ಬಟ್ಟೆ, ಗಿರಾಕಿಗಳಿಂದ ಬರಬೇಕಾದ ಬಾಕಿ. ಅದರಲ್ಲಿ ನಾವು ಕೊಡಬೇಕಾದ ಸಾಲ ಕಳೆಯಬೇಕು. ಉಳಿದದ್ದು ನಿಸಾಬ್ ಎಂಬ ಮಿತಿ ದಾಟಿ, ಚಾಂದ್ರಮಾನದ ಒಂದು ವರ್ಷ ಆಗಿದ್ದರೆ ನೂರಕ್ಕೆ ಎರಡೂವರೆ ಕೊಡಬೇಕು. ನಿಸಾಬ್ ಅಂದರೆ ಏಳೂವರೆ ತೊಲ ಚಿನ್ನ, ಸುಮಾರು 87 ಗ್ರಾಂ. ಅಥವಾ ಐವತ್ತೆರಡೂವರೆ ತೊಲ ಬೆಳ್ಳಿ, ಸುಮಾರು 612 ಗ್ರಾಂ. ಒಂದು ಕಾಲಕ್ಕೆ ಇವೆರಡರ ಬೆಲೆ ಹತ್ತಿರ ಹತ್ತಿರ ಇತ್ತು. ಈಗ ಚಿನ್ನದ ಮುಂದೆ ಬೆಳ್ಳಿಯ ಬೆಲೆ ತೀರಾ ಕಡಿಮೆ. ಅಮ್ಮಿ ಹಿಡಿಯುವುದು ಬೆಳ್ಳಿಯ ಲೆಕ್ಕವನ್ನೇ. ಆ ಲೆಕ್ಕದಲ್ಲಿ ನಾವು ಕೊಡುವವರ ಸಾಲಿಗೆ ಸೇರಿ ಎಷ್ಟೋ ವರ್ಷವಾಯಿತು. ತಿಂಗಳ ಕೊನೆಗೆ ಚೀಟಿ ಕಟ್ಟುವಾಗ ಮಾತ್ರ ಹಾಗೆ ಅನ್ನಿಸುವುದಿಲ್ಲ, ಅದು ಬೇರೆ ಮಾತು.

ನನ್ನ ಚಿನ್ನದ ಸರದಿ ಬಂದಾಗ ಸ್ವಲ್ಪ ಚರ್ಚೆಯಾಯಿತು. ಈ ಮನೆಯವರು ಹನಫಿ, ನಾನು ಬಂಟ್ವಾಳದ ಬ್ಯಾರಿ, ಶಾಫಿ. ಎರಡೂ ಬೇರೆ ಬೇರೆ ಮದ್‌ಹಬ್, ಅಂದರೆ ಧರ್ಮನಿಯಮದ ಪಂಥ. ಹನಫಿಗಳಲ್ಲಿ ಮೈಮೇಲಿನ ಆಭರಣಕ್ಕೂ ಝಕಾತ್ ಇದೆ. ನಮ್ಮಲ್ಲಿ ಹೆಂಗಸರು ಹಾಕಿಕೊಳ್ಳುವ, ಅತಿಯಾಗದ ಆಭರಣಕ್ಕೆ ಇಲ್ಲ. ಹಣದ ಥರ ಕೂಡಿಟ್ಟ ಚಿನ್ನವಾದರೆ ಇದೆ. "ನಿಂದು ನಿನ್ನ ಮದ್‌ಹಬ್ ಪ್ರಕಾರವೇ ಮಾಡು ಬೇಟಾ. ಆದ್ರೆ ಯಾವುದು ಹಾಕ್ಕೊಳ್ಳೋದು, ಯಾವುದು ಕೂಡಿಟ್ಟಿದ್ದು, ನೀನೇ ಹೇಳು" ಎಂದರು ಅಮ್ಮಿ.

ಕಪಾಟಿನಿಂದ ಡಬ್ಬಿ ತಂದೆ. ಮದುವೆಗೆ ಉಮ್ಮ, ಅಂದರೆ ನನ್ನ ತಾಯಿ, ಹಾಕಿದ 16 ಪವನ್. ಪವನಿಗೆ ಎಂಟು ಗ್ರಾಂ. ಹೆಚ್ಚಿನವು ಇನ್ನೂ ಆಭರಣದಂಗಡಿಯ ಗುಲಾಬಿ ಕಾಗದದಲ್ಲೇ ಇದ್ದವು. ಮಡಿಕೆಯ ಗೆರೆಯಲ್ಲಿ ಕಾಗದ ಬಿಳಿಚಿ ಹರಿಯುತ್ತಾ ಬಂದಿತ್ತು. ಒಳಗಿನ ಸರದ ಕೊಂಡಿ ಮಾತ್ರ ಹೊಚ್ಚ ಹೊಸದು, ಉಗುರು ಹಾಕಿ ತೆಗೆಯಬೇಕಾಯಿತು. ದಿನಾ ಹಾಕುವ ಸರ, ಎರಡು ಬಳೆ, ಕಿವಿಯದ್ದು ಸೇರಿದರೆ 4 ಪವನ್. ಉಳಿದ ಹನ್ನೆರಡನ್ನು ನಾನು ಮನಸ್ಸಿನಲ್ಲೇ ಆಗಲೇ ಮಾರಿ ಆಗಿತ್ತು, ಫ್ಲ್ಯಾಟಿನ ಅಡ್ವಾನ್ಸಿಗೆ. ಹಾಗಿದ್ದ ಮೇಲೆ ಅದು ಹಾಕಿಕೊಳ್ಳುವ ಆಭರಣ ಹೇಗಾಗುತ್ತದೆ? 96 ಗ್ರಾಂ, ಎಡಪುಟಕ್ಕೆ ಹೋಯಿತು. ನಲವತ್ತರಲ್ಲಿ ಒಂದು ಭಾಗ ಅಂದರೆ 2.4 ಗ್ರಾಮಿನ ಬೆಲೆ. ಒಂದು ಸಣ್ಣ ಉಂಗುರದಷ್ಟೂ ಇಲ್ಲ.

ಬಲಪುಟ ಬರೆಯಲೇಬೇಕೆಂಬ ನಿಯಮ ಯಾವ ಕಿತಾಬಿನಲ್ಲೂ ಇಲ್ಲ, ಅದು ಅಮ್ಮಿಯ ಸ್ವಂತ ರೂಢಿ. ವಾಸದ ಮನೆ, ಓಡಿಸುವ ಸ್ಕೂಟರು, ಉಡುವ ಬಟ್ಟೆ, ಅಡುಗೆ ಪಾತ್ರೆ, ದುಡಿಮೆಯ ಸಲಕರಣೆ, ಇವಕ್ಕೆಲ್ಲ ಝಕಾತ್ ಇಲ್ಲ. ಹಾಗಿದ್ದೂ ಅವರು ಒಂದೊಂದೇ ಹೇಳುತ್ತಾರೆ, ನಾನು ಬರೆಯಬೇಕು. ಅಂಗಡಿಯ ನಾಲ್ಕು ಹೊಲಿಗೆ ಮೆಷಿನು. ಫ್ರಿಜ್ಜು. ಬಿರಿಯಾನಿ ಡೇಗ್, ಅದು ಬೀದಿಯಲ್ಲಿ ಯಾರ ಮನೆಯಲ್ಲಿದೆ ಎಂದು ಸದ್ಯಕ್ಕೆ ಗೊತ್ತಿಲ್ಲ, ಆದರೂ ನಮ್ಮದು. ಬೋರ್‌ವೆಲ್. ಹಿತ್ತಲ ನುಗ್ಗೆಮರ. "ಕಣ್ಣಿನ ಆಪರೇಷನ್ನೂ ಬರಿ, ಅದರಿಂದ ತಾನೇ ನಿನ್ನ ಅಕ್ಷರ ಕಾಣೋದು" ಎಂದರು. ಬರೆದೆ. ಪುಟ ತುಂಬಿ ಹಿಂಬದಿಗೆ ಹೋಯಿತು. ಎಡಪುಟ ಅರ್ಧಕ್ಕೇ ನಿಂತಿತ್ತು.

ಬರೆಯುತ್ತಾ ನನಗೊಂದು ತಂಟೆಯ ಪ್ರಶ್ನೆ ಬಂತು. "ಅಮ್ಮಿ, ಆ ಲಿಫ್ಟ್ ಮನೆಗೂ ಝಕಾತ್ ಇಲ್ಲ ಅಲ್ವಾ? ಅವರ ದೊಡ್ಡ ಕಾರಿಗೂ ಇಲ್ಲ. ದುಡ್ಡೆಲ್ಲ ಮನೆಗೆ, ಕಾರಿಗೆ ಸುರಿದುಬಿಟ್ಟರೆ ಎಡಪುಟ ಖಾಲಿ!"

ಅಮ್ಮಿ ಕನ್ನಡಕ ತೆಗೆದರು. "ಝಕಾತ್ ಇಲ್ಲ ಅಂದ್ರೆ ಯಾರೂ ಕೇಳಲ್ಲ ಅಂತನಾ? ತಕಾಸುರ್ ಓದು."

ಕುರ್‌ಆನಿನ 102ನೇ ಅಧ್ಯಾಯ, ಎಂಟೇ ವಚನ, ಮದರಸದಲ್ಲಿ ಬಾಯಿಪಾಠ ಮಾಡಿದ್ದು. ಜಾಸ್ತಿ ಜಾಸ್ತಿ ಎಂಬ ಪೈಪೋಟಿ ನಿಮ್ಮನ್ನು ಮೈಮರೆಸಿತು, ಗೋರಿ ಸೇರುವ ತನಕ ಎಂದು ಶುರು. ಕೊನೆಗೆ, ಆ ದಿನ ನಿಮಗೆ ಸಿಕ್ಕ ಸುಖಗಳ ಬಗ್ಗೆ ಖಂಡಿತ ಕೇಳಲಾಗುವುದು ಎಂದಿದೆ. ಅಲ್ಲಿ ಕೇಳುವಾಗ ಎರಡು ಪುಟ ಇರುವುದಿಲ್ಲ. ನುಗ್ಗೆಮರವನ್ನೂ ಯಾಕೆ ಬರೆಸುತ್ತಾರೆ ಎಂದು ನನಗೆ ಹೊಳೆದದ್ದು ಅವತ್ತೇ.

ಅಮ್ಮಿಗೆ ತುಂಬ ಇಷ್ಟದ ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಒಂದಿದೆ. ಪ್ರವಾದಿಯವರ ಕೋಣೆಗೆ ಅವರ ಸಂಗಾತಿ ಉಮರ್ ಹೋದಾಗ ಪ್ರವಾದಿ ಬರೀ ಚಾಪೆಯ ಮೇಲೆ ಮಲಗಿದ್ದರು, ಮಗ್ಗುಲಲ್ಲಿ ಚಾಪೆಯ ಬರೆ ಮೂಡಿತ್ತು. ತಲೆಗೆ ಖರ್ಜೂರದ ನಾರು ತುಂಬಿದ ತೊಗಲಿನ ದಿಂಬು. ಉಮರ್ ಸುತ್ತ ಕಣ್ಣಾಡಿಸಿದರೆ ಮೂಲೆಯಲ್ಲಿ ಒಂದಿಷ್ಟು ಜವೆಗೋಧಿ, ಪಕ್ಕದಲ್ಲಿ ತೊಗಲು. ರೋಮ್, ಪರ್ಷಿಯಾದ ದೊರೆಗಳು ಹೇಗಿದ್ದಾರೆ, ನೀವು ಹೀಗಾ ಎಂದು ಅತ್ತರು. ಅವರಿಗೆ ಈ ಲೋಕ, ನಮಗೆ ಪರಲೋಕ, ಸಾಲದೇ ಎಂದು ಕೇಳಿದರು ಪ್ರವಾದಿ. ಬಯಾನ್‌ಗಳಲ್ಲಿ, ಅಂದರೆ ಪ್ರವಚನಗಳಲ್ಲಿ, ಈ ಕೊನೆಯ ಮಾತನ್ನು ಒತ್ತಿ ಹೇಳುತ್ತಾರೆ. ನನಗೆ ಇಷ್ಟವಾಗುವುದು ಉಮರ್ ಆ ಕೋಣೆಯ ಸಾಮಾನನ್ನು ಒಂದೊಂದಾಗಿ ನೋಡಿದ್ದು. ಅಲ್ಲಿ ಬಲಪುಟವೂ ಎರಡು ಸಾಲು ದಾಟುತ್ತಿರಲಿಲ್ಲ.

ಇದನ್ನೆಲ್ಲ ಇಲ್ಲದವರ ಮುಂದೆ ಹೇಳುವುದು ನನಗೆ ಸರಿಬರುವುದಿಲ್ಲ. ಬಾಡಿಗೆ ಕಟ್ಟಲಾಗದವರಿಗೆ ಇದ್ದುದರಲ್ಲಿ ತೃಪ್ತಿ ಪಡು ಅನ್ನುವುದು ಸುಲಭ. ಪ್ರವಾದಿಯವರು ಬಡತನದಿಂದ ಕಾಪಾಡು ಎಂದೂ ಬೇಡಿಕೊಂಡಿದ್ದಾರೆ. ಕೊಡುವ ಕೈ ಪಡೆಯುವ ಕೈಗಿಂತ ಉತ್ತಮ ಎಂದಿದ್ದಾರೆ. ನಿಜವಾದ ಸಿರಿತನ ವಸ್ತುಗಳ ರಾಶಿಯಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬ ಮಾತು ಗುಲಾಬಿ ಕಾಗದದಲ್ಲಿ ಚಿನ್ನ ಸುತ್ತಿಟ್ಟ ನನ್ನಂಥವರಿಗೇ ಇರಬೇಕು.

ಒಟ್ಟು ಮೊತ್ತವನ್ನು ಅಮ್ಮಿ ಮೂರು ಲಕೋಟೆ ಮಾಡಿದರು. ಒಂದು ಸಾಲದಲ್ಲಿದ್ದ ನೆಂಟರಿಗೆ, ಒಂದು ನಮ್ಮ ಬೀದಿಯ ಹುಡುಗಿಯ ನರ್ಸಿಂಗ್ ಫೀಸಿಗೆ, ಇನ್ನೊಂದು ಯಾರಿಗೆ ಎಂದು ನಮಗೂ ಹೇಳಲಿಲ್ಲ. ಕೊಡುವಾಗ ಝಕಾತ್ ಎಂದು ಬಾಯಿಬಿಡಬಾರದು, ಈದ್ ಖರ್ಚಿಗೆ ಅನ್ನಬೇಕು ಎಂದು ಮಗನಿಗೆ ತಾಕೀತಾಯಿತು.

ಇಫ್ತಾರ್ ಮುಗಿದು ರಾತ್ರಿಯ ತರಾವೀಹ್ ನಮಾಝ್‌ಗೆ ಹೊರಡುವ ಹೊತ್ತಿಗೆ ಬ್ರೋಕರ್ ಫೋನ್ ಮಾಡಿದ. ಎರಡನೇ ಮಹಡಿಯಲ್ಲಿ ಒಂದು ಉಳಿದಿದೆಯಂತೆ, ಲಿಫ್ಟೂ ಇದೆಯಂತೆ. ರೇಟ್ ವಾಟ್ಸಾಪ್ ಮಾಡಿ ಎಂದೆ. ಅಮ್ಮಿ ಪಾತ್ರೆ ಒರೆಸುತ್ತಾ ಕೇಳಿಸಿಕೊಂಡರು.

"ತಗೋ ಬೇಟಾ, ಬೇಡ ಅನ್ನಲ್ಲ. ವಾಸಕ್ಕಾದ್ರೆ ಬಲಪುಟ. ಬಾಡಿಗೆಗೆ ಕೊಟ್ರೆ, ಬಾಡಿಗೆಯಲ್ಲಿ ಉಳಿಸಿದ್ದಷ್ಟೇ ಎಡಪುಟ. ರೇಟ್ ಏರಿದ ಮೇಲೆ ಮಾರೋಣ ಅಂತ ತಗೊಂಡ್ರೆ ಮಾತ್ರ ವರ್ಷ ವರ್ಷ ಪೂರ್ತಿ ಬೆಲೆಗೆ ಝಕಾತ್ ಕಟ್ಟಬೇಕು. ಯಾವುದಕ್ಕೆ ಅಂತ ಮೊದಲೇ ಯೋಚಿಸ್ಕೋ."