ಪಿಎ ಅರ್ಜಿಗೆ ಕೆಮಿಸ್ಟ್ರಿ: ಗೊತ್ತಿದ್ದರೆ ಸಾಲದು, ಕ್ರೆಡಿಟ್ ಇರಬೇಕು

ಅಮೆರಿಕದಲ್ಲಿ ಫಿಜಿಶಿಯನ್ ಅಸಿಸ್ಟೆಂಟ್ ಅಂದರೆ ರೋಗಿಯನ್ನು ನೋಡಿ, ಟೆಸ್ಟ್ ಬರೆದು, ಕಾಯಿಲೆ ಗುರುತಿಸಿ, ಔಷಧಿ ಕೊಡುವವರು. ಎಲ್ಲರ ಬಾಯಲ್ಲೂ ಪಿಎ. ಸುಮಾರು ಎರಡೂಕಾಲು ವರ್ಷದ ಮಾಸ್ಟರ್ಸ್ ಓದು. ಲೈಸೆನ್ಸ್‌ಗೆ ಬೇಕಾದ ಪ್ಯಾನ್ಸ್ ಪರೀಕ್ಷೆ ಬರೆಯಬೇಕಾದರೆ ಮಾನ್ಯತೆ ಪಡೆದ ಪಿಎ ಕೋರ್ಸನ್ನು ಮುಗಿಸಿರಲೇಬೇಕು. ಊರಿನ ಎಂಬಿಬಿಎಸ್ ಇದ್ದವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಬಿ.ಫಾರ್ಮ್, ಬಿ.ಎಸ್ಸಿ., ಬಿಡಿಎಸ್ ಮುಗಿಸಿ ಇಲ್ಲಿಗೆ ಬಂದ ನಮ್ಮವರು ಈ ದಾರಿ ಹಿಡಿದಾಗ ಮೊದಲು ಎಡವುವುದು ಕೆಮಿಸ್ಟ್ರಿಯಲ್ಲಿ. ವಿಷಯ ಗೊತ್ತಿಲ್ಲದೆ ಅಲ್ಲ, ಕಾಗದದ ಮೇಲೆ ಅದು ಕಾಣದೆ.

ಹೆಚ್ಚಿನ ಪಿಎ ಕೋರ್ಸುಗಳು ಕೇಳುವುದು ಇಷ್ಟು: ಲ್ಯಾಬ್ ಸಹಿತ ಎರಡು ಸೆಮಿಸ್ಟರ್ ಜನರಲ್ ಕೆಮಿಸ್ಟ್ರಿ, ಅಂದರೆ 8 ಸೆಮಿಸ್ಟರ್ ಕ್ರೆಡಿಟ್, ಲ್ಯಾಬ್ ಸಹಿತ ಒಂದು ಸೆಮಿಸ್ಟರ್ ಆರ್ಗ್ಯಾನಿಕ್, ಒಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿ. ಆದರೆ ಒಂದು ಕಾಲೇಜು ಆರ್ಗ್ಯಾನಿಕ್ ಬೇಡ ಅನ್ನುತ್ತದೆ, ಇನ್ನೊಂದು ಎರಡನೇ ಆರ್ಗ್ಯಾನಿಕ್ ಬದಲಿಗೆ ಬಯೋಕೆಮಿಸ್ಟ್ರಿಯನ್ನು ಒಪ್ಪುತ್ತದೆ, ಮತ್ತೊಂದು ಆನ್‌ಲೈನ್ ಲ್ಯಾಬನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಕ್ಲಾಸಿಗೆ ಸೇರುವ ಮೊದಲೇ ಎಂಟು ಹತ್ತು ಕಾಲೇಜುಗಳನ್ನು ಆರಿಸಿ ಒಂದು ಪಟ್ಟಿ ಬರೆಯಿರಿ: ಎಷ್ಟು ಕ್ರೆಡಿಟ್, ಲ್ಯಾಬ್ ಎದುರಿಗೋ ಆನ್‌ಲೈನೋ, ಕನಿಷ್ಠ ಗ್ರೇಡ್ ಯಾವುದು, ಎಷ್ಟು ವರ್ಷ ಹಳೆಯದು ನಡೆಯುತ್ತದೆ, ಹೊರದೇಶದ ಓದನ್ನು ಒಪ್ಪುತ್ತಾರೋ ಇಲ್ಲವೋ. ಅತಿ ಕಟ್ಟುನಿಟ್ಟಿನ ಕಾಲೇಜಿಗೆ ಸರಿಹೊಂದುವಂತೆ ಓದಿದರೆ ಉಳಿದವು ತಾವಾಗಿಯೇ ಸರಿಹೋಗುತ್ತವೆ.

ಊರಿನ ಮಾರ್ಕ್ಸ್ ಕಾರ್ಡ್ ಇಲ್ಲಿ ಏನು ಹೇಳುತ್ತದೆ ನೋಡಿ. ಪಿಯುಸಿ ಕೆಮಿಸ್ಟ್ರಿ ಎಷ್ಟೇ ಗಟ್ಟಿಯಿದ್ದರೂ ಅದು ಹೈಸ್ಕೂಲ್ ಲೆಕ್ಕ. ನಮ್ಮ ಬಿ.ಎಸ್ಸಿ.ಯಲ್ಲಿ ಒಂದೇ ಪೇಪರಿನೊಳಗೆ ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಫಿಸಿಕಲ್ ಮೂರನ್ನೂ ಹಂಚಿ, ಹೆಸರು ಮಾತ್ರ 'ಕೆಮಿಸ್ಟ್ರಿ ಪೇಪರ್ 3' ಎಂದು ಇಡುವ ಪದ್ಧತಿ ಬಹಳ ಕಾಲ ಇತ್ತು. ಅದನ್ನು ನೋಡಿದ ಅಡ್ಮಿಷನ್ ಆಫೀಸಿಗೆ ನೀವು ಆರ್ಗ್ಯಾನಿಕ್ ಓದಿದ್ದೀರಿ ಎಂದು ಗೊತ್ತಾಗುವುದು ಹೇಗೆ? ಬಿ.ಫಾರ್ಮ್‌ನವರ ಸ್ಥಿತಿ ವಾಸಿ. ಫಾರ್ಮಸಿ ಕೌನ್ಸಿಲ್‌ನ ಈಗಿನ ಸಿಲಬಸ್‌ನಲ್ಲಿ ಮೊದಲ ಸೆಮಿಸ್ಟರ್‌ಗೆ ಇನಾರ್ಗ್ಯಾನಿಕ್, ಎರಡನೆಯದರಲ್ಲಿ ಆರ್ಗ್ಯಾನಿಕ್ 1 ಮತ್ತು ಬಯೋಕೆಮಿಸ್ಟ್ರಿ, ಅವುಗಳ ಪ್ರಾಕ್ಟಿಕಲ್‌ಗೆ ಬೇರೆ ಕೋಡ್, ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಅಲ್ಲೂ ಒಂದು ತೊಡಕಿದೆ: ಆ ಪದವಿಯ ಒಟ್ಟು ಕ್ರೆಡಿಟ್ ಇನ್ನೂರಕ್ಕೂ ಹೆಚ್ಚು, ಇಲ್ಲಿನ ನಾಲ್ಕು ವರ್ಷದ ಪದವಿ ಸುಮಾರು 120. ಹೋಲಿಸಿ ಇಳಿಸುವಾಗ ನಿಮ್ಮ 4 ಕ್ರೆಡಿಟ್‌ನ ಪೇಪರ್ ಸಾಮಾನ್ಯವಾಗಿ ಎರಡೂವರೆ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಈ ಹೋಲಿಕೆಯನ್ನು ವೆಸ್‌ನಂಥ ಸಂಸ್ಥೆಗಳು ಮಾಡಿಕೊಡುತ್ತವೆ. ವಿಷಯವಾರು ವರದಿಯನ್ನೇ ಕೇಳಬೇಕು. ಪದವಿಯನ್ನಷ್ಟೇ ಗುರುತಿಸುವ ಅಗ್ಗದ ವರದಿ ಇಲ್ಲಿ ಪ್ರಯೋಜನಕ್ಕೆ ಬಾರದು. ವರದಿ ಬಂದರೂ ಒಪ್ಪುವುದು ಬಿಡುವುದು ಆಯಾ ಪಿಎ ಕಾಲೇಜಿನ ಮರ್ಜಿ, ಮತ್ತು ಪ್ರೀರಿಕ್ವಿಸಿಟ್‌ಗಳೆಲ್ಲ (ಸೇರುವ ಮೊದಲೇ ಮುಗಿಸಿರಬೇಕಾದ ಕೋರ್ಸುಗಳು) ಅಮೆರಿಕದ ಕಾಲೇಜಿನಲ್ಲೇ ಆಗಿರಬೇಕು ಅನ್ನುವವರು ಕಡಿಮೆ ಇಲ್ಲ. ಫೋನಿನಲ್ಲಿ ಕೇಳಿ ಬಿಡಬೇಡಿ. ಇಮೇಲ್ ಮಾಡಿ, ಕೋರ್ಸಿನ ಹೆಸರು, ಗಂಟೆಗಳು, ಸಿಲಬಸ್ ಸೇರಿಸಿ ಕೇಳಿ, ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮತ್ತೆ ಓದಲೇಬೇಕು ಎಂದಾದರೆ ಕಮ್ಯುನಿಟಿ ಕಾಲೇಜೇ, ಅಂದರೆ ಕಡಿಮೆ ಶುಲ್ಕದ ಸ್ಥಳೀಯ ಸರ್ಕಾರಿ ಕಾಲೇಜೇ, ಕೈಗೆಟುಕುವ ದಾರಿ. ನಮ್ಮವರು ಬಹಳ ಮಂದಿ ಇರುವ ಸಿಯಾಟಲ್, ಬೆಲ್‌ವ್ಯೂ ಕಡೆಯ ಉದಾಹರಣೆ ತೆಗೆದುಕೊಳ್ಳಿ. ವಾಷಿಂಗ್ಟನ್ ರಾಜ್ಯದ ಈ ಕಾಲೇಜುಗಳಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳು. ಜನರಲ್ ಕೆಮಿಸ್ಟ್ರಿ ಮೂರು ತುಂಡು: ಕೆಮ್ 161, 162, 163. ಒಂದು ಕ್ವಾರ್ಟರ್ ಕ್ರೆಡಿಟ್ ಅಂದರೆ ಸೆಮಿಸ್ಟರ್ ಕ್ರೆಡಿಟ್‌ನ ಮೂರರಲ್ಲಿ ಎರಡು ಪಾಲು. ತುಂಡಿಗೆ ಐದು ಕ್ರೆಡಿಟ್ ಇರುವ ಕಡೆ ಎರಡೇ ತುಂಡು ಮುಗಿಸಿ ನಿಲ್ಲಿಸಿದರೆ 10 ಕ್ವಾರ್ಟರ್ ಕ್ರೆಡಿಟ್, ಅಂದರೆ 6.67 ಸೆಮಿಸ್ಟರ್ ಕ್ರೆಡಿಟ್. 8 ಕೇಳಿದ ಕಡೆ ಅರ್ಜಿ ಅಲ್ಲೇ ಬಿತ್ತು. ಎರಡು ಸೆಮಿಸ್ಟರ್‌ಗೆ ಎರಡು ಕ್ವಾರ್ಟರ್ ಸಮ ಎಂದು ತಿಳಿದು ಮೂರನೆಯದನ್ನು ಬಿಡುವುದು ನಾವು ಮತ್ತೆ ಮತ್ತೆ ನೋಡುವ ತಪ್ಪು.

ಎರಡನೇ ತಪ್ಪು ಕೋರ್ಸಿನ ಆಯ್ಕೆಯದು. ಅದೇ ಕಾಲೇಜುಗಳಲ್ಲಿ ಕೆಮ್ 121, 131 ಎಂಬ ಇನ್ನೊಂದು ಜೋಡಿ ಇದೆ, ನರ್ಸಿಂಗ್ ಮುಂತಾದ ಕೋರ್ಸಿಗೆ ಹೋಗುವವರಿಗಾಗಿ. ಜನರಲ್, ಆರ್ಗ್ಯಾನಿಕ್, ಬಯೋಕೆಮಿಸ್ಟ್ರಿಯನ್ನು ತೆಳುವಾಗಿ ಸವರಿಕೊಂಡು ಹೋಗುತ್ತದೆ. ಸುಲಭ, ಬೇಗ ಮುಗಿಯುತ್ತದೆ, ಹೆಸರಲ್ಲೂ ಕೆಮಿಸ್ಟ್ರಿ ಇದೆ. ಆದರೆ ಸೈನ್ಸ್ ಮೇಜರ್‌ಗಳ (ವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಓದುವವರ) ಸರಣಿ ಕೇಳುವ ಪಿಎ ಕಾಲೇಜುಗಳು ಇದನ್ನು ಎಣಿಸುವುದಿಲ್ಲ. ಕೆಲವು ಕಾಲೇಜುಗಳಲ್ಲಿ ಲ್ಯಾಬ್‌ಗೆ ಪ್ರತ್ಯೇಕ ನಂಬರ್ ಇರುತ್ತದೆ, ಅದಕ್ಕೂ ಹೆಸರು ಬರೆಸಿದ್ದೀರಾ ಎಂದು ಅದೇ ದಿನ ನೋಡಿಕೊಳ್ಳಿ. ಸೇರುವ ಮೊದಲು ಗಣಿತದ ಪ್ಲೇಸ್‌ಮೆಂಟ್, ಅಂದರೆ ನಿಮ್ಮ ಮಟ್ಟ ನೋಡುವ ಪರೀಕ್ಷೆ ಇರುತ್ತದೆ. ಊರಿನ ಟ್ರಾನ್ಸ್‌ಕ್ರಿಪ್ಟ್ ತೋರಿಸಿ ವಿನಾಯಿತಿ ಕೇಳಬಹುದು, ಆದರೆ ರಿಜಿಸ್ಟ್ರೇಷನ್ ತೆರೆಯುವ ಮೊದಲೇ ಕೇಳಬೇಕು. ಲ್ಯಾಬ್ ಸೀಟುಗಳು ಬೇಗ ತುಂಬುತ್ತವೆ.

ಓದಿನಲ್ಲಿ ಕಷ್ಟ ಬರುವುದು ಜನರಲ್ ಕೆಮಿಸ್ಟ್ರಿಯ ದ್ವಿತೀಯಾರ್ಧದಲ್ಲಿ, ಈಕ್ವಿಲಿಬ್ರಿಯಮ್ ಮತ್ತು ಬಫರ್ ಲೆಕ್ಕಗಳಲ್ಲಿ. ಅದನ್ನು ದಾಟಿದರೆ ಸಾಕು ಎಂದು ಕಂಠಪಾಠ ಮಾಡಬೇಡಿ. ರಕ್ತದಲ್ಲಿ ಬೈಕಾರ್ಬನೇಟ್ ಮತ್ತು ಕಾರ್ಬಾನಿಕ್ ಆಮ್ಲ 20ಕ್ಕೆ 1ರಂತೆ ಇವೆ, ಆ ಜೋಡಿಯ ಪಿಕೆಎ 6.1ಕ್ಕೆ 20ರ ಲಾಗರಿದಮ್ 1.3 ಕೂಡಿಸಿದರೆ 7.4, ನಮ್ಮ ರಕ್ತದ ಪಿಎಚ್. ಮುಂದೆ ಉಸಿರಾಟ ಕೆಟ್ಟ ರೋಗಿಯ ಬ್ಲಡ್ ಗ್ಯಾಸ್ ವರದಿ ಓದುವುದು ಇದೇ ಲೆಕ್ಕದಿಂದ.

ಗ್ರೇಡಿನ ಮಾತು ಇನ್ನೂ ಮುಖ್ಯ. ಪಿಎ ಅರ್ಜಿಗಳು ಹೆಚ್ಚಾಗಿ ಕಾಸ್ಪಾ ಎಂಬ ಒಂದೇ ಕಿಟಕಿಯ ಮೂಲಕ ಹೋಗುತ್ತವೆ. ಕಾಸ್ಪಾ ಭಾರತದ ಅಂಕಗಳನ್ನು ತನ್ನ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ (ಎ ಅಂದರೆ 4, ಸಿ 2, ಡಿ 1), ಸೇರಿಸುವುದಿಲ್ಲ. ಊರಲ್ಲಿ ಪದವಿ ಮುಗಿಸಿದವರ ಸೈನ್ಸ್ ಜಿಪಿಎ ಎಂದರೆ ಇಲ್ಲಿ ಓದಿದ ಆ ನಾಲ್ಕಾರು ಕೋರ್ಸುಗಳೇ. ಸಮಾನ ಕ್ರೆಡಿಟ್‌ನ ನಾಲ್ಕರಲ್ಲಿ ಮೂರು ಎ, ಒಂದು ಸಿ ಬಂದರೆ 4.0 ಇಳಿದು 3.5. ಮತ್ತೆ ಓದಿದರೆ ಹಳೆಯದು ಅಳಿಯುವುದೂ ಇಲ್ಲ. ಡಿ ಬಂದ ಕೋರ್ಸಿಗೆ ಆಮೇಲೆ ಎ ತಂದರೂ ಎರಡೂ ಸೇರಿ ಸರಾಸರಿ 2.5. ಸಿ ಮೈನಸ್ ಅನ್ನು ಬಹಳ ಕಡೆ ಪಾಸ್ ಎಂದೇ ನೋಡುವುದಿಲ್ಲ. ಹಾಗಾಗಿ ಮನೆ, ಮಗು, ಕೆಲಸ ಎಲ್ಲವನ್ನೂ ಹೊತ್ತವರು ಒಂದು ಕ್ವಾರ್ಟರ್‌ಗೆ ಒಂದೇ ಕೆಮಿಸ್ಟ್ರಿ ತೆಗೆದುಕೊಳ್ಳುವುದು ನಿಧಾನ ಅಲ್ಲ, ಜಾಣತನ.

ಆ ಲೆಕ್ಕದಲ್ಲಿ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದರೆ ಮುಂದಿನ ಜೂನ್‌ಗೆ ಜನರಲ್ ಮುಗಿಯುತ್ತದೆ. ಬಳಿಕ ಆರ್ಗ್ಯಾನಿಕ್, ಅದಾದ ಮೇಲೆ ಬಯೋಕೆಮಿಸ್ಟ್ರಿ. ಕಮ್ಯುನಿಟಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಸಿಗುವುದು ಅಪರೂಪ. ಯೂನಿವರ್ಸಿಟಿ ಆಫ್ ನ್ಯೂ ಇಂಗ್ಲೆಂಡ್, ಯುಸಿ ಬರ್ಕ್ಲಿ ಎಕ್ಸ್‌ಟೆನ್ಷನ್ ಮುಂತಾದವರ ಆನ್‌ಲೈನ್ ಕೋರ್ಸನ್ನು ಹಲವರು ಹಿಡಿಯುತ್ತಾರೆ. ಕಾಸ್ಪಾ ಪ್ರತಿ ವರ್ಷ ಏಪ್ರಿಲ್ ಕೊನೆಗೆ ತೆರೆಯುತ್ತದೆ. ಒಂದೆರಡು ಕೋರ್ಸ್ ಬಾಕಿಯಿದ್ದರೂ ಅರ್ಜಿ ತೆಗೆದುಕೊಳ್ಳುವ ಕಾಲೇಜುಗಳಿವೆ, ಆದರೆ ಬಾಕಿ ಇರುವುದು ಆರ್ಗ್ಯಾನಿಕ್ ಆಗದಿದ್ದರೆ ಒಳ್ಳೆಯದು. ಐದು, ಏಳು ಅಥವಾ ಹತ್ತು ವರ್ಷದ ಮಿತಿ ಇಡುವವರೂ ಇದ್ದಾರೆ, ಹಾಗಾಗಿ ಬಹಳ ಮುಂಚೆ ಮುಗಿಸಿ ಇಟ್ಟುಕೊಳ್ಳುವುದೂ ಲಾಭವಲ್ಲ.

ಎಚ್4 ವೀಸಾದವರು (ಎಚ್1ಬಿ ಉದ್ಯೋಗಿಯ ಸಂಗಾತಿ, ಮಕ್ಕಳು) ಕ್ಲಾಸಿಗೆ ಸೇರಬಹುದು, ಅದಕ್ಕೆ ಕೆಲಸದ ಪರವಾನಗಿ ಬೇಡ. ಆದರೆ ಪೌರರು, ಗ್ರೀನ್ ಕಾರ್ಡ್ ಇದ್ದವರಿಗಷ್ಟೇ ಸೀಟು ಕೊಡುವ ಪಿಎ ಕಾಲೇಜುಗಳಿವೆ. ಇದನ್ನು ಕೆಮಿಸ್ಟ್ರಿಗೆ ಮೊದಲ ಡಾಲರ್ ಕಟ್ಟುವ ಮುನ್ನ ಕೇಳಿ.

ಇನ್ನೂ ಊರಲ್ಲೇ ಇರುವವರು ಈ ವಾರವೇ ಮಾಡಬಹುದಾದ ಒಂದು ಕೆಲಸ: ನಿಮ್ಮ ಬ್ಯಾಚಿನ ಸಿಲಬಸ್ಸನ್ನು, ಥಿಯರಿ ಮತ್ತು ಪ್ರಾಕ್ಟಿಕಲ್ ಗಂಟೆಗಳು ಕಾಣುವ ಪುಟಗಳ ಸಮೇತ, ಕಾಲೇಜಿನ ಸೀಲು ಹಾಕಿಸಿ ಎರಡು ಪ್ರತಿ ತೆಗೆದಿಟ್ಟುಕೊಳ್ಳಿ. ಸ್ಕೀಮ್ ಬದಲಾದ ಮೇಲೆ ಹಳೆಯ ಸಿಲಬಸ್ ಹುಡುಕುವುದು ಹರಸಾಹಸ, ಅದೂ ಸಮುದ್ರದ ಈಚೆಯಿಂದ. ಟ್ರಾನ್ಸ್‌ಕ್ರಿಪ್ಟ್ ಮಾತ್ರ ನೀವು ತರುವಂಥದ್ದಲ್ಲ. ವಿಶ್ವವಿದ್ಯಾಲಯವೇ ನೇರವಾಗಿ ಕಳಿಸಬೇಕು, ನೀವು ಒಡೆದ ಲಕೋಟೆಗೆ ಬೆಲೆಯಿಲ್ಲ.