ಮಹಾಗನಿ ಹಚ್ಚುವವರು ಸುಳಿ ಕಾಯಬೇಕು

ಸಸಿ ಮಾರುವವರ ಲೆಕ್ಕ ಬಲು ಸರಳ: ಎಕರೆಗೆ ಇಷ್ಟು ಗಿಡ, 12 ವರ್ಷಕ್ಕೆ ಇಷ್ಟು ಕೋಟಿ. ಆ ಲೆಕ್ಕದಲ್ಲಿ ಹುಳು ಇರುವುದಿಲ್ಲ.

ಮೆಕ್ಸಿಕೊದಿಂದ ಬೊಲಿವಿಯಾವರೆಗಿನ ಕಾಡು ದೊಡ್ಡೆಲೆ ಮಹಾಗನಿಯ ತವರು. ಪೀಠೋಪಕರಣ, ಬಾಗಿಲು, ಗಿಟಾರ್ ಅಂತ ಕಡಿದು ಕಡಿದು ಅಲ್ಲಿ ಅಪರೂಪವಾಗಿ, 2003ರಿಂದ ಅಲ್ಲಿನ ನಾಟಾ ಹೊರದೇಶಕ್ಕೆ ಹೋಗಲು ಪರವಾನಗಿ ಬೇಕಾಗಿದೆ. ಬೆಲೆ ಇರುವುದು ಬಲಿತ ಮರದ ಕೆಂಪು ಚೇಗಿಗೆ, ಅಂದರೆ ಒಳಗಿನ ಗಟ್ಟಿ ಕಟ್ಟಿಗೆಗೆ. 12 ವರ್ಷದ ಮರದಲ್ಲಿ ಅದು ತೀರ ಕಡಿಮೆ. 25 ವರ್ಷ ಕಾಯುವ ಮನಸ್ಸಿಲ್ಲದವರಿಗೆ ಹೆಬ್ಬೇವೇ ವಾಸಿ.

ಹಾನಗಲ್, ಕಲಘಟಗಿ ಕಡೆಯ ಆಳವಾದ, ನೀರು ಬಸಿಯುವ ಮಸಾರಿ ನೆಲ ಇದಕ್ಕೆ ಒಗ್ಗುತ್ತದೆ. ಗದಗಿನ ಎರೆ ಹೊಲ ಬೇಡ: ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುತ್ತದೆ. ವರ್ಷದ ಲೆಕ್ಕದಲ್ಲಿ ಅಲ್ಲಿನ ಮಳೆಯೂ ಇದಕ್ಕೆ ಸಾಲದು.

ಬೇಸಿಗೆಯಲ್ಲೇ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. 5 ಕೆಜಿ ಕಳಿತ ತಿಪ್ಪೆಗೊಬ್ಬರ, ಕಾಲು ಕೆಜಿ ಬೇವಿನ ಹಿಂಡಿ ಮಣ್ಣಿಗೆ ಕಲಸಿ ತುಂಬಿ, ಜೂನಿನ ಮಿರಗದ ಮಳೆ ಹಿಡಿದ ಮೇಲೆ ಹಚ್ಚಿ. 4 ಮೀಟರ್ ಅಂತರವಾದರೆ ಎಕರೆಗೆ ಸುಮಾರು 250 ಗಿಡ. ಚೀಲದಲ್ಲಿ ಬೇರು ಸುರುಳಿ ಸುತ್ತಿದ ಸಸಿ ಪುಕ್ಕಟೆ ಕೊಟ್ಟರೂ ಬೇಡ.

ಇನ್ನು ಹುಳು. ಮಳೆಗೆ ಎಳೆ ಚಿಗುರು ಬಂದಾಗ ಪತಂಗ ತತ್ತಿ ಇಡುತ್ತದೆ. ಮರಿಹುಳು ಸುಳಿಯೊಳಗೆ ಕೊರೆದು ಇಳಿಯುತ್ತದೆ. ಬಲೆಯಂಥ ಎಳೆಗೆ ಅಂಟಿದ ಕಂದು ಹಿಕ್ಕೆ ಮೊದಲ ಗುರುತು, ಆಮೇಲೆ ಸುಳಿ ಬಾಡುತ್ತದೆ. ಗಿಡ ಸಾಯುವುದಿಲ್ಲ. ಆದರೆ ಸತ್ತ ಸುಳಿಯ ಕೆಳಗೆ ನಾಲ್ಕಾರು ಕವಲೊಡೆದು ಪೊದೆಯಾಗುತ್ತದೆ, ನೆಟ್ಟಗಿನ ದಿಮ್ಮಿಯ ಆಸೆ ಅಲ್ಲಿಗೆ ಮುಗಿಯಿತು. ಹುಳು ಒಳಗೆ ಹೊಕ್ಕ ಮೇಲೆ ಔಷಧ ಹೊಡೆದರೆ ದುಡ್ಡು ದಂಡ. ಕೊರೆದ ತೂತು ಮುಗಿಯುವವರೆಗೆ ಕತ್ತರಿಸಿ, ತುಂಡನ್ನು ಸುಡಿ. ಹೊಸ ಚಿಗುರು ಗೇಣುದ್ದವಾದಾಗ ನೆಟ್ಟಗಿನದೊಂದನ್ನೇ ಬಿಟ್ಟು ಉಳಿದವನ್ನು ಚಿವುಟಿ. ಕಾಂಡ 15 ಅಡಿ ನೆಟ್ಟಗೆ ಏರುವವರೆಗೂ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಈ ಕೆಲಸ ತಪ್ಪದು.

ಯೂರಿಯಾ ಸುರಿದರೆ ಮೆತ್ತನೆ ಚಿಗುರು ಹೆಚ್ಚಿ ಹುಳುವಿಗೆ ಹಬ್ಬ. ಸಾಲುಗಳ ನಡುವೆ ತೊಗರಿ ಬಿತ್ತಿದರೆ ಪಕ್ಕದ ನೆರಳಿಗೆ ಗಿಡ ನೆಟ್ಟಗೆ ಏರುತ್ತದೆ, ಪತಂಗಕ್ಕೂ ಸುಳಿ ಸುಲಭಕ್ಕೆ ಸಿಗುವುದಿಲ್ಲ. ಮಹಾಗನಿಯೊಂದನ್ನೇ ಎಕರೆಗಟ್ಟಲೆ ಹಚ್ಚುವುದಕ್ಕಿಂತ ಸಾಗವಾನಿ, ಹಲಸಿನ ನಡುವೆ ಬೆರೆಸಿ. ಗಿಡ ನೆಲೆಯಾದ ಮೇಲೆ ಪಹಣಿಯಲ್ಲಿ ನಮೂದಿಸಿ, ಕಡಿಯುವಾಗ ದಾಖಲೆ ಕೇಳುತ್ತಾರೆ.